ಡಿಸ್‌ಪ್ಲೇ ಹೋದರೆ ಫಾರ್ಮ್ಯಾಟ್: ಈ ತೀರ್ಪು ಕೊಟ್ಟವರು ಯಾರು?

ಕಳೆದ ಮಳೆಗಾಲದಲ್ಲಿ ನಮ್ಮ ಊರಿನ ಹುಡುಗನೊಬ್ಬನ ಆರು ವರ್ಷದ ದುಡಿಮೆ ಒಂದೇ ಮಧ್ಯಾಹ್ನದಲ್ಲಿ ಇಲ್ಲವಾಯಿತು. ಚಾರ್ಮಾಡಿಯ ಸುತ್ತ ಮದುವೆ, ನೇಮ, ಬ್ರಹ್ಮಕಲಶ, ಗೃಹಪ್ರವೇಶ ಏನಿದ್ದರೂ ಫೋಟೋ ತೆಗೆಯುವವನು ಅವನು. ಆಲ್ಬಂ ವಿನ್ಯಾಸವೂ ಅವನದೇ. ಒಂದು ರಾತ್ರಿ ಕೆಲಸ ಮುಗಿಸುವ ಹೊತ್ತಿಗೆ ಗ್ರಾಫಿಕ್ಸ್ ಡ್ರೈವರ್‌ನ ಹೊಸ ಆವೃತ್ತಿ ಬಂದಿದೆ ಎಂಬ ಸೂಚನೆ ಕಾಣಿಸಿತು. ಒಪ್ಪಿಗೆ ಒತ್ತಿದ. ಪರದೆ ಕಪ್ಪಾಯಿತು. ಬೆಳಿಗ್ಗೆ ಎದ್ದು ಆನ್ ಮಾಡಿದರೂ ಕಪ್ಪೇ. ಸಿಪಿಯುವನ್ನು ಬೆಡ್‌ಶೀಟಿನಲ್ಲಿ ಸುತ್ತಿ, ಮೇಲೊಂದು ಪ್ಲಾಸ್ಟಿಕ್ ಹೊದೆಸಿ, ಜಡಿಮಳೆಯಲ್ಲಿ ಬಸ್ಸು ಹತ್ತಿ, ಮಡಿಲಲ್ಲಿಟ್ಟುಕೊಂಡು ಪೇಟೆಗೆ ಹೋದ. ಅಂಗಡಿಯಲ್ಲಿ ಕೇಳಿದ್ದು ಒಂದೇ ಪ್ರಶ್ನೆ: “ಎಂತ, ಡಿಸ್‌ಪ್ಲೇ ಬರುದಿಲ್ಲವಾ?” ಇಲ್ಲ ಎಂದ. “ಬಿಟ್ಟು ಹೋಗಿ, ನೋಡುವ.” ಸಂಜೆ ಫೋನ್ ಬಂತು. “ಫಾರ್ಮ್ಯಾಟ್ ಹೊಡ್ದು ಹೊಸ ವಿಂಡೋಸ್ ಹಾಕಿದ್ದೇವೆ. ಈಗ ಲಾಯ್ಕ ಉಂಟು, ಬಂದು ತೆಕೊಂಡು ಹೋಗಿ.”

ಯಂತ್ರ ಲಾಯ್ಕವೇ ಇತ್ತು. ಒಳಗೆ ಏನೂ ಇರಲಿಲ್ಲ. ಪಾರ್ಟಿಶನ್‌ಗಳನ್ನೆಲ್ಲ ಕಿತ್ತು ಹೊಸದಾಗಿ ಮಾಡಿದ್ದರು. 2019ರ ಆಗಸ್ಟಿನಲ್ಲಿ ಗುಡ್ಡ ಜರಿದು ಮೃತ್ಯುಂಜಯ ಹೊಳೆ ತೋಟಗಳಿಗೆ ನುಗ್ಗಿದಾಗ ಅವನು ಇನ್ನೂ ಕಾಲೇಜು ಹುಡುಗ. ಅಂದು ಮನೆಮನೆಗೆ ಹೋಗಿ ತೆಗೆದ ಚಿತ್ರಗಳೂ ಅದರಲ್ಲಿದ್ದವು. ಊರಿನ ಇಬ್ಬರು ಹಿರಿಯರು ಈಗಿಲ್ಲ. ಅವರದ್ದೆಂದು ಇದ್ದ ಕೊನೆಯ ಒಳ್ಳೆಯ ಚಿತ್ರಗಳೂ ಅಲ್ಲೇ ಇದ್ದವು. ಅಂಗಡಿಯವರಿಗೆ ಪಶ್ಚಾತ್ತಾಪವಿರಲಿಲ್ಲ, ಅವನಿಗೆ ಸಿಟ್ಟೂ ಇರಲಿಲ್ಲ. ನನ್ನನ್ನು ಹೆಚ್ಚು ಕಾಡಿದ್ದು ಅದೇ. “ಡಿಸ್‌ಪ್ಲೇ ಹೋದ ಮೇಲೆ ಇನ್ನೆಂತ ಮಾಡುದು ಅಣ್ಣ, ಫಾರ್ಮ್ಯಾಟೇ ಅಲ್ವಾ” ಎಂದು ಅವನೇ ನನಗೆ ಸಮಾಧಾನ ಹೇಳಿದ.

ಅವನ ಈ ಮಾತಿನ ವಿರುದ್ಧವೇ ನಾನು ಬರೆಯುತ್ತಿರುವುದು. ಕಕ್ಕಿಂಜೆಯಿಂದ ಉಜಿರೆ, ಬೆಳ್ತಂಗಡಿ, ಬಂಟ್ವಾಳ, ಮೂಡುಬಿದಿರೆವರೆಗೆ ಯಾರನ್ನು ಕೇಳಿದರೂ ಇದೇ ಮಾತು. ಡಿಸ್‌ಪ್ಲೇ ಇಲ್ಲವೆಂದರೆ ಕಂಪ್ಯೂಟರ್ ಸತ್ತಿತು; ಒಂದೋ ಬೋರ್ಡ್ ಬದಲಿಸಬೇಕು, ಒಂದೋ ಫಾರ್ಮ್ಯಾಟ್ ಹೊಡೆಯಬೇಕು, ಎರಡೂ ಆಗದಿದ್ದರೆ ಹೊಸದು ತೆಗೆದುಕೊಳ್ಳಬೇಕು. ಅಂಗಡಿಯವರು ಹೇಳುತ್ತಾರೆ, ಕಂಪ್ಯೂಟರ್ ಕ್ಲಾಸಿನ ಮೇಷ್ಟ್ರು ಹೇಳುತ್ತಾರೆ, ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗ ಫೋನಿನಲ್ಲಿ ಹೇಳುತ್ತಾನೆ. ಇದು ಸುಳ್ಳು. ಅದರಲ್ಲೂ ಡ್ರೈವರ್ ಅಪ್‌ಡೇಟ್ ಆದ ಬೆನ್ನಿಗೇ ಪರದೆ ಕಪ್ಪಾದಾಗ ಈ ಮಾತು ಹೇಳುವುದು ಪರೀಕ್ಷೆ ಮಾಡದೆ ಮರಣಪತ್ರ ಬರೆದಂತೆ.

ಡ್ರೈವರ್ ಎಂದರೆ ವಿಂಡೋಸ್ ಹೇಳಿದ್ದನ್ನು ಗ್ರಾಫಿಕ್ಸ್ ಚಿಪ್‌ಗೆ ತಿಳಿಯುವ ಹಾಗೆ ಮಾಡುವ ಕೆಲವು ಕಡತಗಳು, ಅಷ್ಟೇ. ಅದರಲ್ಲಿ ತಪ್ಪಾದರೆ ಚಿತ್ರ ಪರದೆಗೆ ತಲುಪುವುದಿಲ್ಲ. ಹಾರ್ಡ್‌ಡಿಸ್ಕ್ ಇದೆ, ಪ್ರೊಸೆಸರ್ ಇದೆ, ಕಡತಗಳು ಇಟ್ಟಲ್ಲೇ ಇವೆ, ವಿಂಡೋಸ್ ಕೂಡ ಎಷ್ಟೋ ಸಲ ಒಳಗೆ ಪೂರ್ತಿ ಎದ್ದು ಕೂತಿರುತ್ತದೆ. ದಾರಿ ಮಾತ್ರ ಬಂದ್. ದಾರಿ ಬಂದ್ ಆಗುವುದು ಎಂದರೇನು ಎಂದು ಚಾರ್ಮಾಡಿಯವರಿಗೆ ಹೊರಗಿನವರು ಹೇಳಿಕೊಡಬೇಕೇ? ಆ 2019ರ ಆಗಸ್ಟಿನಲ್ಲಿ ಘಾಟಿ ಉದ್ದಕ್ಕೂ ಕುಸಿದು ವಾಹನ ಸಂಚಾರ ನಿಂತಿತು. ಆಮೇಲೂ ದೊಡ್ಡ ಗಾಡಿಗಳಿಗೆ ಬಹುಕಾಲ ನಿರ್ಬಂಧ ಇತ್ತು. ಆಗ ನಮ್ಮಲ್ಲಿ ಯಾರಾದರೂ ಮೇಲಿನ ಕೊಟ್ಟಿಗೆಹಾರವೇ ಇಲ್ಲವಾಯಿತು ಎಂದರೇ? ಮೂಡಿಗೆರೆಯ ನೆಂಟರನ್ನು ಸತ್ತವರ ಲೆಕ್ಕಕ್ಕೆ ಸೇರಿಸಿದರೇ? ಮಣ್ಣು ತೆಗೆದರು, ತಡೆಗೋಡೆ ಕಟ್ಟಿದರು, ಅಷ್ಟರವರೆಗೆ ಜನ ಶಿರಾಡಿ ಸುತ್ತಿ ಹೋದರು. ಕಂಪ್ಯೂಟರಿನಲ್ಲೂ ಮಣ್ಣು ತೆಗೆಯಲು ಬರುತ್ತದೆ, ಸುತ್ತಿ ಹೋಗಲು ಇನ್ನೊಂದು ದಾರಿಯೂ ಇರುತ್ತದೆ. ಆ ದಾರಿಯನ್ನು ಒಮ್ಮೆಯೂ ನೋಡದೆ ಊರನ್ನೇ ನೆಲಸಮ ಮಾಡುವುದನ್ನು ರಿಪೇರಿ ಎಂದು ಕರೆಯಲು ನಾನು ಒಪ್ಪುವುದಿಲ್ಲ.

ಅಂಗಡಿಯಲ್ಲಿ ಕೇಳಬೇಕಾಗಿದ್ದ ಪ್ರಶ್ನೆ ಬೇರೆ: ಆನ್ ಮಾಡಿದ ಕೂಡಲೇ ಕಂಪನಿಯ ಲೋಗೋ ಕಂಡಿತೇ? ಆ ಲೋಗೋ ತೋರಿಸುವುದು ಮದರ್‌ಬೋರ್ಡ್ ಮತ್ತು ಕಾರ್ಡಿನೊಳಗೇ ಇರುವ ಚಿಕ್ಕ ಪ್ರೋಗ್ರಾಂ. ವಿಂಡೋಸಿನ ಡ್ರೈವರಿಗೂ ಅದಕ್ಕೂ ಸಂಬಂಧವಿಲ್ಲ. ಲೋಗೋ ಕಂಡು, ವಿಂಡೋಸ್ ಏಳುವ ಹೊತ್ತಿಗೆ ಪರದೆ ಕಪ್ಪಾದರೆ ಕಾರ್ಡ್, ಕೇಬಲ್, ಮಾನಿಟರ್ ಕೆಲಸ ಮಾಡುತ್ತಿವೆ ಎಂದಾಯಿತು; ಮೊದಲು ಅನುಮಾನಿಸಬೇಕಾದ್ದು ಡ್ರೈವರನ್ನು. ಲೋಗೋವೇ ಕಾಣದಿದ್ದರೆ ಕೇಬಲ್ ನೋಡಬೇಕು, ರ‍್ಯಾಮ್ ತೆಗೆದು ಮತ್ತೆ ಕೂರಿಸಬೇಕು, ಕಾರ್ಡನ್ನು ಸ್ಲಾಟಿನಿಂದ ಎತ್ತಿ ಪುನಃ ಒತ್ತಬೇಕು. ಒಂದು ಪ್ರಶ್ನೆಯಿಂದ ಅರ್ಧ ರೋಗನಿರ್ಣಯ ಮುಗಿಯುತ್ತದೆ. ಆ ಪ್ರಶ್ನೆಯನ್ನು ಕೇಳದವರು ಸ್ಕ್ರೂಡ್ರೈವರ್ ಯಾಕೆ ಹಿಡಿಯಬೇಕು?

ಎರಡು ವರ್ಷದ ಹಿಂದೆ ನನ್ನ ಯಂತ್ರಕ್ಕೂ ಹೀಗೇ ಆಗಿತ್ತು. ನಾನು ಡಿಟಿಪಿ ಮಾಡಿ ಬದುಕುವವನು. ಮರುದಿನ ಒಂದು ದೈವಸ್ಥಾನದ ಆಮಂತ್ರಣ ಪತ್ರಿಕೆ ಪ್ರೆಸ್ಸಿಗೆ ಹೋಗಬೇಕಿತ್ತು. ಹೊರಗೆ ಮಳೆ, ಒಳಗೆ ಕಪ್ಪು ಮಾನಿಟರಿನಲ್ಲಿ ‘ನೋ ಸಿಗ್ನಲ್’ ಎಂಬ ಚಿಕ್ಕ ಡಬ್ಬಿ ಮೂಲೆಯಿಂದ ಮೂಲೆಗೆ ತೇಲುತ್ತಿತ್ತು. ಸಿಪಿಯು ಒಳಗೆ ಫ್ಯಾನಿನ ಗುಂಯ್ ಸದ್ದು. ಕೀಬೋರ್ಡಿನ ನಮ್‌ಲಾಕ್ ಒತ್ತಿದೆ. ಹಸಿರು ದೀಪ ಹೊತ್ತಿತು. ಮತ್ತೆ ಒತ್ತಿದೆ, ಆರಿತು. ಸ್ಪೀಕರ್ ಹಾಕಿ ಒಂದು ಪೆನ್‌ಡ್ರೈವ್ ಚುಚ್ಚಿದೆ. ವಿಂಡೋಸಿನ ಆ ಪರಿಚಿತ ಎರಡು ಸ್ವರ ಕತ್ತಲಲ್ಲಿ ಕೇಳಿಸಿತು. ಯಂತ್ರ ಜೀವಂತ ಇತ್ತು. ನನ್ನನ್ನು ಕೇಳಿಸಿಕೊಳ್ಳುತ್ತಿತ್ತು, ಉತ್ತರವನ್ನೂ ಕೊಡುತ್ತಿತ್ತು. ಮುಖ ತೋರಿಸಲು ಮಾತ್ರ ಆಗುತ್ತಿರಲಿಲ್ಲ. ಆ ಎರಡು ಸ್ವರ ಕೇಳಿದ ಮೇಲೆ ಅದನ್ನು ಸತ್ತಿದೆ ಎಂದು ಹೇಳುವ ಧೈರ್ಯ ಯಾರಿಗೆ ಬಂದೀತು? ನಮ್ಮ ಹುಡುಗನ ಸಿಪಿಯುವಿಗೆ ಈ ಅರ್ಧ ನಿಮಿಷದ ಪರೀಕ್ಷೆಯನ್ನು ಯಾರೂ ಮಾಡಲಿಲ್ಲ.

ಮಾಡಿದ್ದರೆ ಮುಂದಿನದ್ದು ಇನ್ನೂ ಸುಲಭ ಇತ್ತು. ವಿಂಡೋಸ್ ಕೀ, ಕಂಟ್ರೋಲ್, ಶಿಫ್ಟ್ ಹಿಡಿದು ಬಿ ಒತ್ತಿದರೆ ಗ್ರಾಫಿಕ್ಸ್ ಡ್ರೈವರ್ ಇದ್ದಲ್ಲೇ ಮತ್ತೆ ಶುರುವಾಗುತ್ತದೆ. ಒಂದು ಸಣ್ಣ ಬೀಪ್ ಕೇಳಿಸುತ್ತದೆ, ಪರದೆ ಒಮ್ಮೆ ಮಿಟುಕುತ್ತದೆ. ಕಡತ ಹೋಗುವುದಿಲ್ಲ, ಕಾಸು ಬೇಕಾಗಿಲ್ಲ. ಹೊಸ ಡ್ರೈವರ್ ಚಿತ್ರವನ್ನು ಇಲ್ಲದ ಎರಡನೇ ಮಾನಿಟರಿಗೆ ಕಳಿಸುತ್ತಿದ್ದರೆ ವಿಂಡೋಸ್ ಕೀ ಮತ್ತು ಪಿ ಒತ್ತಿ ಅದನ್ನು ಹಿಂದಕ್ಕೆ ಕರೆಯಬಹುದು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಹಳೆಯ ವಿಜಿಎ ಮಾನಿಟರನ್ನು ಒಂದು ಅಗ್ಗದ ಕನ್ವರ್ಟರ್ ಹಾಕಿ ಎಚ್‌ಡಿಎಂಐ ಪೋರ್ಟಿಗೆ ಜೋಡಿಸಿರುತ್ತಾರೆ. ಮಾನಿಟರಿಗೆ ಎಷ್ಟು ರೆಸಲ್ಯೂಶನ್ ತಡೆಯುತ್ತದೆ ಎಂಬ ಮಾಹಿತಿ ಆ ಕನ್ವರ್ಟರಿನಲ್ಲಿ ಕಳೆದುಹೋದರೆ ಹೊಸ ಡ್ರೈವರ್ ತನಗೆ ತೋಚಿದ್ದನ್ನು ಕಳಿಸುತ್ತದೆ, ಪಾಪದ ಮಾನಿಟರ್ ಕೈಚೆಲ್ಲುತ್ತದೆ. ಕೇಬಲ್ ಬಿಚ್ಚಿ ಮನೆಯ ಟಿವಿಗೆ ಹಾಕಿ ನೋಡಿದರೆ ಸಾಕು, ಚಿತ್ರ ಬಂದುಬಿಡಬಹುದು. ಬೇರೆ ಕಾರ್ಡ್ ಇರುವ ಸಿಪಿಯು ಆದರೆ ಅದನ್ನು ಕಳಚಿ, ಕೇಬಲನ್ನು ಮದರ್‌ಬೋರ್ಡಿನ ಪೋರ್ಟಿಗೆ ಸಿಕ್ಕಿಸಬಹುದು. ಇದೇ ಶಿರಾಡಿ ದಾರಿ. ಇಂಟೆಲ್ ಪ್ರೊಸೆಸರಿನ ಹೆಸರಿನ ಕೊನೆಗೆ ಎಫ್ ಇದ್ದರೆ ಈ ದಾರಿ ಇಲ್ಲ, ಅದರೊಳಗೆ ಗ್ರಾಫಿಕ್ಸ್ ಕೆಲಸ ಮಾಡುವುದಿಲ್ಲ. ಇದು ತಿಳಿಯಲು ಡಿಗ್ರಿ ಬೇಕೇ?

ಇಷ್ಟಕ್ಕೂ ಬಗ್ಗದಿದ್ದರೆ ಸೇಫ್ ಮೋಡ್ ಇದೆ. ವಿಂಡೋಸ್ ಏಳುವಾಗ ಪವರ್ ಬಟನ್ ಒತ್ತಿಹಿಡಿದು ಆರಿಸಬೇಕು. ಹೀಗೆ ಎರಡು ಮೂರು ಸಲ ಮಾಡಿದರೆ ವಿಂಡೋಸ್ ತನಗೇನೋ ಆಗಿದೆ ಎಂದು ಗ್ರಹಿಸಿ ನೀಲಿ ಬಣ್ಣದ ರಿಕವರಿ ಪರದೆ ತೆರೆಯುತ್ತದೆ. ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಶನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್, ರೀಸ್ಟಾರ್ಟ್, ಆಮೇಲೆ 4 ಒತ್ತಬೇಕು. ಸೇಫ್ ಮೋಡಿನಲ್ಲಿ ವಿಂಡೋಸ್ ಹೊಸ ಡ್ರೈವರನ್ನು ಮುಟ್ಟುವುದಿಲ್ಲ; ತನ್ನದೇ ಸಾದಾ ಡ್ರೈವರಿನಿಂದ ಚಿತ್ರ ತೋರಿಸುತ್ತದೆ. ಅಕ್ಷರ ದಪ್ಪ, ಬಣ್ಣ ಮಂಕು, ಆದರೆ ಎಲ್ಲವೂ ಕಾಣುತ್ತದೆ. ಡಿವೈಸ್ ಮ್ಯಾನೇಜರ್ ತೆರೆದು, ಡಿಸ್‌ಪ್ಲೇ ಅಡಾಪ್ಟರ್ಸ್ ಅಡಿಯಲ್ಲಿ ಕಾರ್ಡಿನ ಹೆಸರು ಒತ್ತಿ, ಡ್ರೈವರ್ ಪುಟದಲ್ಲಿ ‘ರೋಲ್ ಬ್ಯಾಕ್ ಡ್ರೈವರ್’ ಎಂದರೆ ನಿನ್ನೆಯ ಡ್ರೈವರ್ ವಾಪಸ್. ಆ ಗುಂಡಿ ಮಂಕಾಗಿದ್ದರೆ ಹೊಸದನ್ನು ಅನ್‌ಇನ್‌ಸ್ಟಾಲ್ ಮಾಡಿ ಹಳೆಯ ಆವೃತ್ತಿ ಹಾಕಬಹುದು, ಇಲ್ಲವೇ ಸಿಸ್ಟಂ ರಿಸ್ಟೋರ್‌ನಿಂದ ಹಿಂದಿನ ದಿನಕ್ಕೆ ಹೋಗಬಹುದು. ನನ್ನ ಯಂತ್ರ ಸರಿಯಾದದ್ದು ಹೀಗೆ. ಆಮಂತ್ರಣ ಪತ್ರಿಕೆ ಮರುದಿನವೇ ಪ್ರೆಸ್ಸಿಗೆ ಹೋಯಿತು.

ಇದೆಲ್ಲ ಹಳ್ಳಿಯವರ ಕೈಚಳಕ, ದೊಡ್ಡ ಕಡೆ ಹೀಗೆ ಮಾಡುವುದಿಲ್ಲ ಎನ್ನುವವರು 2024ರ ಜುಲೈ 19ನ್ನು ನೆನಪಿಸಿಕೊಳ್ಳಲಿ. ಕ್ರೌಡ್‌ಸ್ಟ್ರೈಕ್ ಕಂಪನಿಯ ಒಂದು ದೋಷಪೂರ್ಣ ಅಪ್‌ಡೇಟ್‌ನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ನಿಂತವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸುಗಳನ್ನು ಕೈಯಲ್ಲಿ ಬರೆದುಕೊಟ್ಟರು. ಕಂಪನಿ 78 ನಿಮಿಷಗಳಲ್ಲಿ ಆ ಅಪ್‌ಡೇಟ್ ಹಿಂದಕ್ಕೆ ಪಡೆದರೂ ಅಷ್ಟರಲ್ಲಿ ಬಿದ್ದ ಯಂತ್ರಗಳು ಬಿದ್ದೇ ಇದ್ದವು. ಆಸ್ಪತ್ರೆ, ಬ್ಯಾಂಕ್, ವಿಮಾನ ಕಂಪನಿಗಳ ಆ ಯಂತ್ರಗಳನ್ನು ಫಾರ್ಮ್ಯಾಟ್ ಹೊಡೆಯುವುದೇ ಪರಿಹಾರ ಎಂದು ಯಾರಾದರೂ ಹೇಳಿದರೇ? ಸೇಫ್ ಮೋಡ್‌ಗೆ ಹೋಗಿ, ಒಂದು ಕೆಟ್ಟ ಕಡತ ಅಳಿಸಿ, ರೀಸ್ಟಾರ್ಟ್ ಮಾಡಿ ಎಂದರು. ತಂತ್ರಜ್ಞರು ಯಂತ್ರದಿಂದ ಯಂತ್ರಕ್ಕೆ ನಡೆದು ಹಾಗೇ ಮಾಡಿದರು. ವಿಮಾನ ಕಂಪನಿಯ ದತ್ತಾಂಶಕ್ಕೆ ಇರುವ ಬೆಲೆ ನಮ್ಮ ಹುಡುಗನ ಫೋಟೋಗಳಿಗೆ ಯಾಕಿಲ್ಲ? ಅಲ್ಲಿ ಮೊದಲ ಹೆಜ್ಜೆಯಾದದ್ದು ಇಲ್ಲಿ ಕೊನೆಯ ಹೆಜ್ಜೆಯೂ ಆಗುವುದಿಲ್ಲವಲ್ಲ, ಯಾಕೆ?

ಈ ರೂಢಿಯ ಇನ್ನೊಂದು ಕ್ರೌರ್ಯ ಎಂದರೆ ತಪ್ಪನ್ನು ಮಾಲೀಕನ ತಲೆಗೆ ಕಟ್ಟುವುದು. “ನೀವೇ ಎಂತದೋ ಒತ್ತಿದ್ದೀರಿ”, “ಮಕ್ಕಳು ಗೇಮ್ ಹಾಕಿರ್ಬೇಕು”, “ಇದಕ್ಕೆಲ್ಲ ಕೈ ಹಾಕ್ಲಿಕ್ಕೆ ಹೋಗ್ಬಾರ್ದು”. ಇದನ್ನು ಕೇಳಿ ಕೇಳಿ ನಮ್ಮ ಹೆಂಗಸರು, ಹಿರಿಯರು ಕಂಪ್ಯೂಟರ್ ಮುಟ್ಟುವುದಕ್ಕೇ ಅಂಜುತ್ತಾರೆ. ತಪ್ಪು ಯಾರದ್ದು? 2010ರ ಮಾರ್ಚಿನಲ್ಲಿ ಎನ್‌ವಿಡಿಯಾ ತನ್ನ 196.75 ಆವೃತ್ತಿಯ ಡ್ರೈವರನ್ನು ವಾಪಸು ತೆಗೆದುಕೊಳ್ಳಬೇಕಾಯಿತು. ಕಾರ್ಡಿನ ಫ್ಯಾನ್ ಸರಿಯಾಗಿ ತಿರುಗದೆ ಕಾರ್ಡುಗಳು ಕಾದು ಹೋಗುತ್ತಿದ್ದವು. 2025ರ ಜನವರಿ 30ರಂದು ಹೊಸ ಕಾರ್ಡುಗಳ ಜೊತೆ ಬಂದ 572.16 ಡ್ರೈವರಿನ ಮೇಲೆ ಕಪ್ಪು ಪರದೆಯ ದೂರುಗಳು ಸುರಿದವು. ತಿದ್ದುಪಡಿ ಮೇಲೆ ತಿದ್ದುಪಡಿ ಬಂದು, ಏಪ್ರಿಲ್‌ನಲ್ಲಿ ಬಿಟ್ಟ 576.02 ಆವೃತ್ತಿಯಲ್ಲೂ ಕಪ್ಪು ಪರದೆಯ ಪರಿಹಾರಗಳೇ ಪಟ್ಟಿಯಲ್ಲಿದ್ದವು. ಜಗತ್ತಿನ ಅತಿ ದೊಡ್ಡ ಗ್ರಾಫಿಕ್ಸ್ ಕಂಪನಿಯೇ ತಪ್ಪು ಮಾಡಿ, ಒಪ್ಪಿ, ತಿದ್ದಿಕೊಂಡಿದೆ. ವಿಂಡೋಸ್ ಅಪ್‌ಡೇಟ್ ಎಷ್ಟೋ ಸಲ ಕೇಳದೆಯೇ ಡ್ರೈವರ್ ಇಳಿಸಿ ಕೂರಿಸುತ್ತದೆ. ಲ್ಯಾಪ್‌ಟಾಪ್ ಕಂಪನಿ ಆ ಮಾದರಿಗೆಂದೇ ಹೊಂದಿಸಿ ಕೊಟ್ಟ ಡ್ರೈವರಿನ ಜಾಗದಲ್ಲಿ ಇನ್ನೊಂದು ಬಂದು ಕೂರುತ್ತದೆ. ಒಪ್ಪಿಗೆ ಒತ್ತಿದವನು ಅಪರಾಧಿಯಾಗುವುದು ಯಾವ ನ್ಯಾಯ? ಅವನು ಮಾಡಿದ್ದು ಯಂತ್ರ ಹೇಳಿದಂತೆ ಕೇಳಿದ್ದು.

ನಮ್ಮ ಕಡೆಯ ಕರೆಂಟಿನ ಮಾತನ್ನೂ ಇಲ್ಲೇ ಆಡಿಬಿಡುತ್ತೇನೆ. ಡ್ರೈವರ್ ಕೂರುವಾಗ ಪರದೆ ಕೆಲವು ಕ್ಷಣ, ಕೆಲವೊಮ್ಮೆ ನಿಮಿಷಗಟ್ಟಲೆ ಕಪ್ಪಾಗುವುದು ಸಹಜ. ಹೆದರಿ ಸ್ವಿಚ್ ಆರಿಸಿದರೆ ಅರ್ಧ ಕೂತ ಡ್ರೈವರ್ ಅಲ್ಲೇ ಉಳಿದು, ಬರದಿದ್ದ ಕಷ್ಟ ಆಗ ಬರುತ್ತದೆ. ಜೂನ್, ಜುಲೈಯಲ್ಲಿ ಲೈನಿನ ಮೇಲೆ ಮರ ಬಿದ್ದು ಗಂಟೆಗೆ ನಾಲ್ಕು ಸಲ ಕರೆಂಟ್ ಹೋಗುವ ಊರಿನಲ್ಲಿ, ಯುಪಿಎಸ್ ಇಲ್ಲದ ಯಂತ್ರದಲ್ಲಿ ಅಪ್‌ಡೇಟ್ ಹಾಕುವುದೇ ಅಪಾಯ. ಸೆಟ್ಟಿಂಗ್ಸ್‌ನಲ್ಲಿ ಅಪ್‌ಡೇಟನ್ನು ಕೆಲವು ವಾರ ತಡೆಹಿಡಿಯುವ ‘ಪಾಸ್’ ಗುಂಡಿ ಇದೆ. ಮಳೆ ನಿಲ್ಲುವ ತನಕ ಕಾಯಬಹುದು ಎಂದು ಯಂತ್ರ ಮಾರುವಾಗ ಯಾರಾದರೂ ಹೇಳಿದ್ದಾರೆಯೇ?

ಈಗ ಫಾರ್ಮ್ಯಾಟ್ ಎಂಬ ಮಾತಿಗೆ ಬರುತ್ತೇನೆ, ಯಾಕೆಂದರೆ ನನ್ನ ಮುಖ್ಯ ಆರೋಪ ಅದರ ಮೇಲೆ. ಹಿಂದೆ ತಿರುಗುವ ಹಾರ್ಡ್‌ಡಿಸ್ಕ್ ಇದ್ದ ಕಾಲದಲ್ಲಿ ಅವಸರದ ಫಾರ್ಮ್ಯಾಟ್ ಆದ ಮೇಲೂ, ಮೇಲೆ ಬೇರೇನೂ ಬರೆಯದಿದ್ದರೆ, ರಿಕವರಿ ಸಾಫ್ಟ್‌ವೇರಿನಿಂದ ಅಷ್ಟಿಷ್ಟು ಹೆಕ್ಕಬಹುದಿತ್ತು. ಈಗ ಎಲ್ಲ ಕಡೆ ಎಸ್‌ಎಸ್‌ಡಿ. ಅಳಿಸಿದ ಜಾಗವನ್ನು ಅದು ಟ್ರಿಮ್ ಎಂಬ ಆಜ್ಞೆಯ ಮೇಲೆ ತಾನೇ ಒರೆಸಿ ಸ್ವಚ್ಛ ಮಾಡುತ್ತದೆ. ಆಮೇಲೆ ಹುಡುಕಿದರೆ ಸಿಗುವುದು ಸೊನ್ನೆ. ಇದರ ಮೇಲೆ ಎನ್‌ಕ್ರಿಪ್ಶನ್. 2024ರ ಅಕ್ಟೋಬರಿನಲ್ಲಿ ಬಂದ ವಿಂಡೋಸ್ 11ರ 24ಎಚ್2 ಆವೃತ್ತಿಯನ್ನು ಹೊಸದಾಗಿ ಹಾಕಿ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದರೆ ಡಿಸ್ಕಿಗೆ ತಾನಾಗಿ ಬೀಗ ಬೀಳುತ್ತದೆ. ಅದರ ಕೀಲಿ 48 ಅಂಕಿಗಳದ್ದು. ರಿಕವರಿ ಪರದೆ ಈ ಅಂಕಿಗಳನ್ನು ಕೇಳಿದಾಗ ನಮ್ಮ ಜನ ಬೆಪ್ಪಾಗುತ್ತಾರೆ. ಖಾತೆಯನ್ನು ತೆರೆದುಕೊಟ್ಟವರು ಅಂಗಡಿಯವರು, ಪಾಸ್‌ವರ್ಡ್ ಅವರ ಬಳಿ, ಇಮೇಲ್ ಯಾವುದೆಂದು ಮನೆಯವರಿಗೆ ತಿಳಿಯದು. ಸ್ವಂತ ಮನೆಗೆ ಪರರ ಬೀಗ. ಕೀಲಿ ಸಿಗದಿದ್ದರೆ ಅಂಗಡಿಯವರ ಬಾಯಲ್ಲಿ ಮತ್ತೆ ಅದೇ ಮಾತು: ಫಾರ್ಮ್ಯಾಟ್.

“ಬ್ಯಾಕಪ್ ಇಡ್ಬೇಕಿತ್ತು” ಎನ್ನುವವರು ಇದ್ದಾರೆ. ಇಡಬೇಕು, ನಿಜ. ಎರಡು ಕಡೆ ಇಡಬೇಕು, ಒಂದು ಮನೆಯ ಹೊರಗೆ ಇರಬೇಕು. ಆದರೆ ಬಾಗಿಲಿಗೆ ಅಗಳಿ ಹಾಕಲು ಮರೆತವನ ಮನೆಗೆ ಹೊಕ್ಕು ಪಾತ್ರೆಗಳನ್ನು ಹೊಳೆಗೆ ಎಸೆಯುವ ಅಧಿಕಾರ ಯಾರಿಗೂ ಬರುವುದಿಲ್ಲ. ಡಿಸ್ಕಿಗೆ ಬೀಗ ಬಿದ್ದಿರದಿದ್ದರೆ ಅದನ್ನು ಬಿಚ್ಚಿ ಒಂದು ಯುಎಸ್‌ಬಿ ಕೇಸಿನಲ್ಲಿ ಹಾಕಿ ಇನ್ನೊಂದು ಕಂಪ್ಯೂಟರಿಗೆ ಜೋಡಿಸಿದರೆ ಕಡತಗಳನ್ನು ನಕಲು ಮಾಡಿಕೊಳ್ಳಬಹುದು. ಪೆನ್‌ಡ್ರೈವಿನಲ್ಲಿ ವಿಂಡೋಸಿನ ಬದಲಿಗೆ ನಡೆಯುವ ಲಿನಕ್ಸ್ ಇದ್ದರೆ ಡಿಸ್ಕ್ ಬಿಚ್ಚುವುದೂ ಬೇಡ, ಅದರಿಂದಲೇ ಯಂತ್ರ ಎಬ್ಬಿಸಿ ನಕಲಿಸಬಹುದು. ಇಷ್ಟು ಮಾಡಿ ಆಮೇಲೆ ಫಾರ್ಮ್ಯಾಟ್ ಹೊಡೆದಿದ್ದರೆ ನಾನು ಈ ಲೇಖನ ಬರೆಯುತ್ತಲೇ ಇರಲಿಲ್ಲ.

ಅಂಗಡಿಯವರ ವಾದವೂ ನನಗೆ ಗೊತ್ತು. ದಿನಕ್ಕೆ ಹತ್ತು ಸಿಪಿಯು ಬರುತ್ತವೆ, ಒಂದೊಂದಕ್ಕೆ ಗಂಟೆಗಟ್ಟಲೆ ಕೂರಲಾಗುವುದಿಲ್ಲ, ಫಾರ್ಮ್ಯಾಟ್ ಆದರೆ ಕೆಲಸ ಖಚಿತ, ಗಿರಾಕಿ ಕೊಡುವುದು ನಾಲ್ಕು ಕಾಸು. ಈ ವಾದ ನನಗೆ ಒಪ್ಪಿಗೆಯಿಲ್ಲ. ವಿಂಡೋಸ್ ಹೊಸದಾಗಿ ಹಾಕಿ, ಡ್ರೈವರುಗಳನ್ನು ಕೂರಿಸಿ, ಆಫೀಸ್, ನುಡಿ, ಪ್ರಿಂಟರ್ ಎಲ್ಲ ಸೇರಿಸುವ ಹೊತ್ತಿಗೆ ಅರ್ಧ ದಿನ ಹೋಗುತ್ತದೆ. ಹಳೆಯ ಡ್ರೈವರಿಗೆ ಹಿಂದಿರುಗಲು ಇಪ್ಪತ್ತು ನಿಮಿಷ ಸಾಕು. ಸಮಯ ಇಲ್ಲ ಎನ್ನುವವರು ಹೆಚ್ಚು ಸಮಯ ತಿನ್ನುವ ದಾರಿಯನ್ನೇ ಯಾಕೆ ಹಿಡಿಯುತ್ತಾರೆ? ಫಾರ್ಮ್ಯಾಟ್ ಹೊಡೆಯಲು ಯೋಚಿಸಬೇಕಾಗಿಲ್ಲ, ಡ್ರೈವರ್ ತಿರುಗಿಸಲು ಒಮ್ಮೆ ಯೋಚಿಸಬೇಕು. ಯೋಚನೆಯ ಸಂಬಳ ಕೊಡಲು ನಾವು ಸಿದ್ಧರಿದ್ದೇವೆ. ಕಡತ ಉಳಿಸಿಕೊಡಿ, ದುಪ್ಪಟ್ಟು ತೆಗೆದುಕೊಳ್ಳಿ ಎಂದು ಆ ಹುಡುಗ ಕೈಮುಗಿದು ಹೇಳುತ್ತಿದ್ದ. ಯಾರೂ ಅವನನ್ನು ಕೇಳಲಿಲ್ಲ.

ಕಾರಣ ಹುಡುಕದೆ ಕೈಬಿಡುವುದು ನಮ್ಮ ಜಿಲ್ಲೆಯ ಸ್ವಭಾವವೂ ಅಲ್ಲ. ತೋಟದಲ್ಲಿ ಪಂಪು ಓಡುತ್ತಿದ್ದು ನೀರು ಬರದಿದ್ದರೆ ಯಾವ ಕೃಷಿಕ ಪಂಪನ್ನು ಗುಜರಿಗೆ ಹಾಕುತ್ತಾನೆ? ಫೂಟ್‌ವಾಲ್ವಿನಲ್ಲಿ ಕಸ ಸಿಕ್ಕಿದೆಯೇ ನೋಡುತ್ತಾನೆ, ಪೈಪಿಗೆ ಗಾಳಿ ಹೊಕ್ಕಿದೆಯೇ ನೋಡುತ್ತಾನೆ, ಒಂದು ಬಿಂದಿಗೆ ನೀರು ಹೊಯ್ದು ಮತ್ತೆ ಚಾಲೂ ಮಾಡುತ್ತಾನೆ. ಲುಂಗಿ ಎತ್ತಿಕಟ್ಟಿ ಹೊಳೆಗಿಳಿಯುವ ಅದೇ ಮನುಷ್ಯ ಕಪ್ಪು ಪರದೆಯ ಮುಂದೆ ಕೈಕಟ್ಟಿ ನಿಲ್ಲುತ್ತಾನೆ. ಕನ್ನಡ ಅಕ್ಷರ ಕಂಪ್ಯೂಟರಿನಲ್ಲಿ ಸಲೀಸಾಗಿ ಮೂಡುವಂತೆ ಕೀಲಿಮಣೆ ವಿನ್ಯಾಸ ಮಾಡಿದ ಕೆ.ಪಿ. ರಾವ್ ಕಿನ್ನಿಕಂಬಳದವರು. ಕೃಷಿಕರ ಕೈಗೇ ಲೇಖನಿ ಕೊಟ್ಟ ‘ಅಡಿಕೆ ಪತ್ರಿಕೆ’ 1988ರಿಂದ ಪುತ್ತೂರಿನಿಂದ ಬರುತ್ತಿದೆ. ಬಲ್ಲವರು ಬಂದು ಮಾಡಿಕೊಡಲಿ ಎಂದು ಕೂರದವರ ನಾಡು ಇದು. ಯಾರು ನಮಗೆ ಈ ಅಂಜಿಕೆ ಕಲಿಸಿದರು?

ಶಾಲೆಗಳು ಕಲಿಸಿದವು ಎಂದು ನನ್ನ ಆರೋಪ. ಕಂಪ್ಯೂಟರ್ ಕಲಿಕೆ ಎಂದರೆ ವರ್ಡಿನಲ್ಲಿ ಟೈಪ್ ಮಾಡುವುದು, ಎಕ್ಸೆಲಿನಲ್ಲಿ ಕೂಡುವುದು, ಪವರ್‌ಪಾಯಿಂಟಿನಲ್ಲಿ ಬಣ್ಣ ಹಚ್ಚುವುದು. ಸರ್ಟಿಫಿಕೇಟು ಹಿಡಿದು ಹೊರಬರುವ ಮಗುವಿಗೆ ಸೇಫ್ ಮೋಡ್ ಎಂದರೇನು ಗೊತ್ತಿರುವುದಿಲ್ಲ. ಗಡಿ ದಾಟಿ ಕಾಸರಗೋಡಿಗೆ ಹೋಗಿ ನೋಡಿ. ಕೇರಳದ ಸರಕಾರಿ ಶಾಲೆಗಳು ಸ್ವತಂತ್ರ ತಂತ್ರಾಂಶಕ್ಕೆ ಹೊರಳಿ ವರ್ಷಗಳೇ ಕಳೆದವು. ಅಲ್ಲಿ ‘ಕೈಟ್’ ಸಂಸ್ಥೆ ರೂಪಿಸಿದ ಲಿನಕ್ಸ್ ನಡೆಯುತ್ತದೆ, ಕನ್ನಡ ಮಾಧ್ಯಮದ ಮಕ್ಕಳಿಗೆ ಐಸಿಟಿ ಪಠ್ಯ ಕನ್ನಡದಲ್ಲಿದೆ. 2018ರಲ್ಲಿ ಆರಂಭವಾದ ‘ಲಿಟಲ್ ಕೈಟ್ಸ್’ ಕ್ಲಬ್ಬುಗಳಲ್ಲಿ ಹೈಸ್ಕೂಲಿನ ಮಕ್ಕಳು ಹಾರ್ಡ್‌ವೇರನ್ನೂ ಕಲಿಯುತ್ತಾರೆ. ಲಿನಕ್ಸಿನ ಉಬುಂಟುವಿನಂಥ ಆವೃತ್ತಿಗಳು ಹೊಸ ಕರ್ನಲ್, ಅಂದರೆ ವ್ಯವಸ್ಥೆಯ ತಿರುಳು, ಹಾಕಿದಾಗ ಹಳೆಯದನ್ನೂ ಉಳಿಸಿಕೊಳ್ಳುತ್ತವೆ. ಹೊಸದು ಕೈಕೊಟ್ಟರೆ ಆರಂಭದ ಪಟ್ಟಿಯಲ್ಲಿ ಹಳೆಯದನ್ನು ಆರಿಸಿಕೊಂಡರಾಯಿತು. ಹಿಂದಿರುಗುವ ದಾರಿ ಮೊದಲೇ ಇಟ್ಟು ಮುಂದಕ್ಕೆ ಹೋಗುವ ಪಾಠ ಅದು. ಮಂಜೇಶ್ವರದ ಮಗುವಿಗೆ ಸಿಗುವ ಕಲಿಕೆ ಚಾರ್ಮಾಡಿಯ ಮಗುವಿಗೆ ಯಾಕೆ ಸಿಗಬಾರದು? ಎರಡೂ ಮಕ್ಕಳ ಮನೆಮಾತು ಒಂದೇ, ಮಳೆಯೂ ಒಂದೇ.

ಕಾನೂನು ನಮ್ಮ ಕಡೆಗೇ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ನಿರ್ಲಕ್ಷ್ಯದಿಂದ ಗ್ರಾಹಕನಿಗೆ ನಷ್ಟ ಮಾಡುವುದೂ, ತಿಳಿಸಬೇಕಾದ್ದನ್ನು ಬೇಕೆಂದೇ ಮುಚ್ಚಿಡುವುದೂ ಸೇವಾ ನ್ಯೂನತೆ. ಒಪ್ಪಿಗೆ ಇಲ್ಲದೆ ಡಿಸ್ಕ್ ಅಳಿಸುವುದು ಅದರೊಳಗೆ ಬರುವುದಿಲ್ಲವೇ? 1915ಕ್ಕೆ ಫೋನ್ ಮಾಡಿ ದೂರು ಹೇಳಬಹುದು, ಜಿಲ್ಲಾ ಆಯೋಗಕ್ಕೆ ಹೋಗಬಹುದು. 2022ರ ಡಿಸೆಂಬರ್ 24ರಂದು ಕೇಂದ್ರ ಸರಕಾರ ರಿಪೇರಿಯ ಹಕ್ಕಿನ ಪೋರ್ಟಲ್ ತೆರೆಯಿತು. ಹಕ್ಕು ಕಾಗದದಲ್ಲಿ ಇದೆ. ಬಸ್ಸಿನಲ್ಲಿ ಮಡಿಲ ಮೇಲೆ ಸಿಪಿಯು ಇಟ್ಟುಕೊಂಡು ಹೋಗುವವನ ಬಾಯಿಗೆ ಅದು ಇನ್ನೂ ಬಂದಿಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತ ಮೇಲೆ “ಹೊಸದು ತೆಕೊಳ್ಳಿ” ಎಂಬ ಮಾತು ಇನ್ನೂ ಜೋರಾಗಿದೆ. ಹೀಗಾಗಿ ಈಗಲೇ ಗಟ್ಟಿಯಾಗಿ ಕೇಳಬೇಕು.

ನಾನು ಮುಂದಿನ ಗ್ರಾಮಸಭೆಗೆ ಅರ್ಜಿ ಬರೆದಿದ್ದೇನೆ. ಕಂಪ್ಯೂಟರ್ ರಿಪೇರಿ ಮಾಡುವ ಪ್ರತಿ ಅಂಗಡಿ, ಯಂತ್ರ ಒಳಗೆ ತೆಗೆದುಕೊಳ್ಳುವಾಗ ಚೀಟಿ ಬರೆದುಕೊಡಬೇಕು. ‘ಮಾಲೀಕರ ಸಹಿ ಇಲ್ಲದೆ ಫಾರ್ಮ್ಯಾಟ್ ಮಾಡುವುದಿಲ್ಲ’ ಎಂಬ ಸಾಲು ಅದರಲ್ಲಿ ಕನ್ನಡದಲ್ಲಿ ಅಚ್ಚಾಗಿರಬೇಕು. ಫಾರ್ಮ್ಯಾಟಿಗೆ ಮೊದಲು ಡಿಸ್ಕಿನ ನಕಲು ತೆಗೆಯಬೇಕು. ಅದರ ದರ ಬೇರೆಯೇ ಇರಲಿ, ನಾವು ಕೊಡುತ್ತೇವೆ. ಹೊಸ ಕಂಪ್ಯೂಟರ್ ಮಾರಿದವರು ಇಮೇಲ್, ಪಾಸ್‌ವರ್ಡ್, ಆ 48 ಅಂಕಿಗಳನ್ನು ಕಾಗದದಲ್ಲಿ ಬರೆದು ಮನೆಯವರ ಕೈಗೆ ಕೊಟ್ಟೇ ಕಳಿಸಬೇಕು. ಪಂಚಾಯತಿನ ಅರಿವು ಕೇಂದ್ರದಲ್ಲಿ ಒಂದು ಹಳೆಯ ಮಾನಿಟರ್, ಎರಡು ಬಗೆಯ ಕೇಬಲ್, ಡಿಸ್ಕ್ ಜೋಡಿಸುವ ಯುಎಸ್‌ಬಿ ಕೇಸ್, ಲಿನಕ್ಸ್ ಇರುವ ಒಂದು ಪೆನ್‌ಡ್ರೈವ್ ಸದಾ ಇರಬೇಕು. ಯಾರ ಪರದೆ ಕಪ್ಪಾದರೂ ಪೇಟೆಗೆ ಹೊರಡುವ ಮೊದಲು ಅಲ್ಲಿ ಪರೀಕ್ಷೆ ಆಗಬೇಕು. ನಮ್ಮ ಹೈಸ್ಕೂಲುಗಳಲ್ಲಿ ಒಂಬತ್ತನೇ ತರಗತಿಯ ಮಕ್ಕಳು ವರ್ಷಕ್ಕೊಮ್ಮೆಯಾದರೂ ಸ್ವಂತ ಕೈಯಲ್ಲಿ ಸೇಫ್ ಮೋಡ್‌ಗೆ ಹೋಗಿ ಡ್ರೈವರ್ ಹಿಂದಕ್ಕೆ ತಿರುಗಿಸಬೇಕು. ಅದನ್ನು ಕಲಿಸಲು ನಾನೇ ಬರುತ್ತೇನೆ, ಸಂಬಳ ಬೇಡ.

ಅರ್ಜಿಗೆ ಮೊದಲ ಸಹಿ ಆ ಫೋಟೋ ಹುಡುಗನದ್ದು. ಸಹಿ ಹಾಕುವಾಗ ಅವನು ಕೇಳಿದ: “ಅಣ್ಣ, ಅವತ್ತು ನಮ್‌ಲಾಕ್ ಒತ್ತಿ ನೋಡಿದ್ರೆ ದೀಪ ಹೊತ್ತುತ್ತಿತ್ತಾ?” ಹೊತ್ತುತ್ತಿತ್ತು ಎಂದೆ.